ಗೋಡೆಯೊಳಗಣ ಬೆಂಕಿ

ಹಳೆಯ ಪೇಟೆಯ ಬೀದಿಗಳಲ್ಲಿ ಓಡಾಡುವ ವಾಚಕರು ಒಂದು ದೃಶ್ಯವನ್ನು ಕಂಡೇ ಇರುತ್ತಾರೆ. ಎಂಬತ್ತೋ ತೊಂಬತ್ತೋ ವರ್ಷಗಳಷ್ಟು ಹಳೆಯದಾದ ಹೆಂಚಿನ ಮನೆಯೊಂದನ್ನು ಬಿಚ್ಚುತ್ತಿರುತ್ತಾರೆ. ಮೊದಲು ಹೆಂಚುಗಳು ಇಳಿಯುತ್ತವೆ. ಆಮೇಲೆ ರೀಪು, ಜಂತೆ, ತೊಲೆಗಳು. ಆಮೇಲೆ ಬಾಗಿಲು, ಕಿಟಕಿ, ಮರದ ಕಂಬಗಳು. ಕೊನೆಗೆ ಗೋಡೆಯ ಸರದಿ. ಆಳೊಬ್ಬನು ಗೋಡೆಯ ಮೇಲೆ ಕುಳಿತು ಹಾರೆಯ ತುದಿಯಿಂದ ಮೀಟಿದರೆ ಇಟ್ಟಿಗೆ ಇಡಿಯಾಗಿ ಎದ್ದು ಬರುತ್ತದೆ. ಕೆಳಗೆ ಕುಳಿತವಳು ಅದಕ್ಕೆ ಅಂಟಿದ ಗಾರೆಯನ್ನು ತಟ್ಟಿ ಉದುರಿಸಿ ಒಂದರ ಮೇಲೊಂದು ಪೇರಿಸುತ್ತಾಳೆ. ಕೆಲವು ದಿನಗಳಲ್ಲಿ ಆ ಮನೆ ಮಾಯವಾಗುತ್ತದೆ. ಆದರೆ ಅದರ ಬಹುಭಾಗ ಹಾಳಾಗಿರುವುದಿಲ್ಲ, ಸ್ಥಳ ಬದಲಾಯಿಸಿರುತ್ತದೆ, ಅಷ್ಟೆ.

ಅದೇ ಬೀದಿಯಲ್ಲಿ ಮೂವತ್ತು ವರ್ಷದ ಹಿಂದೆ ಸಿಮೆಂಟಿನಲ್ಲಿ ಕಟ್ಟಿದ ಮನೆಯನ್ನು ಕೆಡವುವುದನ್ನು ನೋಡಿ. ಯಂತ್ರದ ಉಕ್ಕಿನ ಕೈ ಬಂದು ಬಡಿಯುತ್ತದೆ. ಎರಡು ದಿನಗಳಲ್ಲಿ ಉಳಿಯುವುದು ಒಂದು ರಾಶಿ. ಇಟ್ಟಿಗೆಯ ಚೂರು, ಗಾರೆಯ ಹೆಂಟೆ, ಕಾಂಕ್ರೀಟಿನ ಗಡ್ಡೆ, ನಡುವೆ ತಿರುಚಿಕೊಂಡ ಕಂಬಿ. ಕಂಬಿಯನ್ನು ಗುಜರಿಯವರು ಆಸೆಯಿಂದ ಕೊಂಡೊಯ್ಯುತ್ತಾರೆ. ಮಿಕ್ಕುದನ್ನು ಯಾರೂ ಕೇಳುವುದಿಲ್ಲ. ಅನೇಕ ವೇಳೆ ಅದು ರಾತ್ರಿಯ ಲಾರಿಯಲ್ಲಿ ಊರಾಚೆಯ ಕೆರೆಯಂಚನ್ನು ಸೇರುತ್ತದೆ.

ಎರಡೂ ಇಟ್ಟಿಗೆಯ ಮನೆಗಳೇ. ಇಷ್ಟು ವ್ಯತ್ಯಾಸಕ್ಕೆ ಕಾರಣವೇನು? ಇಟ್ಟಿಗೆಯಲ್ಲಿ ಅದನ್ನು ಹುಡುಕಿದರೆ ಸಿಕ್ಕುವುದಿಲ್ಲ. ಇಟ್ಟಿಗೆಗಳ ನಡುವಣ ಬೆರಳು ದಪ್ಪದ ಸಂದಿಯಲ್ಲಿ ಹುಡುಕಬೇಕು.

ಹಳೆಯ ಮನೆಯ ಸಂದಿಯಲ್ಲಿರುವುದು ಸುಣ್ಣದ ಗಾರೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ, ಅದರ ತೂಕದ 100 ಪಾಲಿನಲ್ಲಿ 44 ಪಾಲು ಇಂಗಾಲದ ಡೈ ಆಕ್ಸೈಡ್ ವಾಯುವಾಗಿ ಹಾರಿಹೋಗುತ್ತದೆ. 56 ಪಾಲು ಸುಟ್ಟ ಸುಣ್ಣ ಉಳಿಯುತ್ತದೆ. ಇದಕ್ಕೆ ನೀರು ಹಾಕಿದರೆ ಭುಗಿಲೆಂದು ಬಿಸಿಯೇರಿ ಅರಳುತ್ತದೆ. ಅರಳಿದ ಸುಣ್ಣವನ್ನು ಮರಳಿನೊಡನೆ ಕಲಸಿ ಗೋಡೆಗೆ ಹಾಕಿದ ಮೇಲೆ ನಡೆಯುವ ಕ್ರಿಯೆ ಸ್ವಾರಸ್ಯವಾದುದು. ಅದು ಗಾಳಿಯಿಂದ ತಾನು ಕಳೆದುಕೊಂಡ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ಪಡೆದು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ದಪ್ಪ ಗೋಡೆಯಲ್ಲಿ ಇದಕ್ಕೆ ಹಲವು ವರ್ಷಗಳೇ ಹಿಡಿಯುವುದುಂಟು. ಹೀಗೆ ಗಟ್ಟಿಯಾದ ಮೇಲೂ ಗಾರೆ ಇಟ್ಟಿಗೆಗಿಂತ ಮೆದುವಾಗಿಯೇ ಇರುತ್ತದೆ. ಅಡಿಪಾಯ ತುಸು ಕುಸಿದರೆ ಬಿರುಕು ಸಂದಿಯಲ್ಲಿ ಹಾಯುತ್ತದೆ, ಇಟ್ಟಿಗೆ ಉಳಿದುಕೊಳ್ಳುತ್ತದೆ. ಮನೆ ಕೆಡವುವಾಗಲೂ ಹಾಗೆಯೇ.

ಸಿಮೆಂಟಿನ ಗಾರೆಯ ಸ್ವಭಾವ ಬೇರೆ. ನಮ್ಮ ಕಡೆಯ ಕೈ ಅಚ್ಚಿನ ಇಟ್ಟಿಗೆಗಿಂತ ಅನೇಕ ವೇಳೆ ಅದೇ ಗಟ್ಟಿ. ಬಲವಾಗಿ ಹೊಡೆದರೆ ಮುರಿಯುವುದು ಇಟ್ಟಿಗೆ, ಉಳಿಯುವುದು ಗಾರೆ. ಗೋಡೆಯ ಒಟ್ಟು ಬಲಕ್ಕೆ ಇದರಿಂದ ಹೇಳಿಕೊಳ್ಳುವಂತಹ ಲಾಭವೇನೂ ಇಲ್ಲ. ಆದರೂ ‘ಸಿಮೆಂಟು ಹೆಚ್ಚು ಹಾಕಿದಷ್ಟೂ ಒಳ್ಳೆಯದು’ ಎಂಬ ನಂಬಿಕೆ ನಮ್ಮ ಮೇಸ್ತ್ರಿಗಳಲ್ಲಿಯೂ ಮನೆ ಕಟ್ಟಿಸುವವರಲ್ಲಿಯೂ ಬಲವಾಗಿ ಬೇರೂರಿದೆ. 1 ಪಾಲು ಸಿಮೆಂಟು, 1 ಪಾಲು ಅರಳಿದ ಸುಣ್ಣ, 6 ಪಾಲು ಮರಳು ಸೇರಿಸಿದ ಮಿಶ್ರ ಗಾರೆ ಸಾಧಾರಣ ಮನೆಯ ಗೋಡೆಗೆ ಧಾರಾಳವಾಗಿ ಸಾಕು. ಅದು ಕೈಗೂ ಹದ, ಇಟ್ಟಿಗೆಗೂ ಹಿತ.

ಬಿಚ್ಚಿದ ಇಟ್ಟಿಗೆಯ ಬೆಲೆ ಏನೆಂಬುದನ್ನು 1945ರಲ್ಲಿ ಬರ್ಲಿನ್ ನಗರ ಕಲಿಯಬೇಕಾಯಿತು. ಯುದ್ಧ ಮುಗಿದಾಗ ಬೀದಿ ಬೀದಿಗಳೇ ಕಲ್ಲುಮಣ್ಣಿನ ದಿಬ್ಬಗಳಾಗಿದ್ದವು; ಹೊಸ ಇಟ್ಟಿಗೆ ಸುಡಲು ಕಲ್ಲಿದ್ದಲಿಗೆ ಬಡತನ. ಆಗ ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆಗಳನ್ನು ದಾಟಿಸಿ, ಸುತ್ತಿಗೆಯಿಂದ ಗಾರೆ ತಟ್ಟಿ, ಹೊಸ ಗೋಡೆಗಳಿಗೆಂದು ಅಣಿಮಾಡಿಟ್ಟರು. ಹಳೆಯ ಕಟ್ಟಡಗಳಲ್ಲಿ ಬಹುಪಾಲು ಸುಣ್ಣದ ಗಾರೆಯವಾಗಿದ್ದುದರಿಂದಲೇ ಈ ಕೆಲಸ ಸಾಧ್ಯವಾಯಿತು. ಉಪಯೋಗಕ್ಕೆ ಬಾರದ ಪುಡಿಯನ್ನು ಊರ ಹೊರಗೆ ಸುರಿದರು. ಆ ರಾಶಿ ಟಾಯ್ಫೆಲ್ಸ್‌ಬೆರ್ಗ್ ಎಂಬ ಬೆಟ್ಟವಾಗಿ ಇಂದಿಗೂ ನಿಂತಿದೆ.

‘ಇಟ್ಟಿಗೆ ಎಂದರೆ ಮಣ್ಣೇ ತಾನೆ? ಮಣ್ಣು ಮಣ್ಣಿಗೆ ಸೇರಿದರೆ ನಷ್ಟವೇನು?’ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ಸುಟ್ಟ ಇಟ್ಟಿಗೆ ಮಣ್ಣಲ್ಲ. ಜೇಡಿಮಣ್ಣಿನ ಕಣಗಳ ಒಳರಚನೆಯಲ್ಲಿಯೇ ನೀರಿನ ಅಂಶ ಬಿಗಿಯಾಗಿ ಸೇರಿಕೊಂಡಿರುತ್ತದೆ. ಗೂಡಿನ ತಾಪ 600 ಡಿಗ್ರಿಯನ್ನು ದಾಟುವ ಹೊತ್ತಿಗೆ ಆ ನೀರು ಹೊರಟುಹೋಗಿ ರಚನೆ ಕುಸಿಯುತ್ತದೆ. 900 ಡಿಗ್ರಿಯನ್ನು ಮೀರಿದಾಗ ಕಣಗಳ ಅಂಚು ಕರಗಿ ಒಂದಕ್ಕೊಂದು ಬೆಸೆಯುತ್ತವೆ. ಆ ಮೇಲೆ ಅದನ್ನು ನೂರು ವರ್ಷ ನೀರಿನಲ್ಲಿ ನೆನೆಸಿಟ್ಟರೂ ಅದು ಜೇಡಿಮಣ್ಣಾಗದು. ಕೆರೆಯಂಗಳದಿಂದ ಮಣ್ಣಾಗಿ ಹೊರಟದ್ದು ಒಂದು ದಿನ ಕೆರೆಗೇ ಹಿಂದಿರುಗಿದರೂ ಕಲ್ಲಾಗಿ ಹಿಂದಿರುಗುತ್ತದೆ.

ನಷ್ಟವಾಗುವ ಇನ್ನೊಂದು ವಸ್ತುವಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಕೆ. ಎಸ್. ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದು ಇಟ್ಟಿಗೆಯನ್ನು ಸುಡಲು ಸುಮಾರು 4.25 ಮೆಗಾಜೂಲ್ ಶಕ್ತಿ ಬೇಕೆಂದಿದೆ. ಇದು ಸುಮಾರು 200 ಗ್ರಾಂ ಕಲ್ಲಿದ್ದಲಿನ ಉರಿ. ಒಂದು ಮನೆಗೆ 20,000 ಇಟ್ಟಿಗೆ ಬೇಕಾಯಿತೆನ್ನಿ: 4 ಟನ್ ಕಲ್ಲಿದ್ದಲು ಅದರ ಗೋಡೆಗಳೊಳಗೆ ಸೇರಿಹೋಗಿದೆ. ಸೌದೆಯಾದರೆ ಇನ್ನೂ ಹೆಚ್ಚು ತೂಕ. ಇಟ್ಟಿಗೆ ಇಡಿಯಾಗಿ ಇನ್ನೊಂದು ಗೋಡೆಗೆ ಹೋದರೆ ಈ ಬೆಂಕಿಯೂ ಅದರೊಡನೆ ಹೋಗುತ್ತದೆ; ಪುಡಿಯಾದರೆ ಹೊಸ ಮನೆಗೆ ಮತ್ತೊಮ್ಮೆ 4 ಟನ್ ಉರಿಸಬೇಕು.

ಸಿಮೆಂಟಿನ ಲೆಕ್ಕ ಇದಕ್ಕಿಂತಲೂ ಭಾರವಾದುದು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಎಂಬ ಗಾರೆಕೆಲಸದವನು ‘ಪೋರ್ಟ್‌ಲೆಂಡ್ ಸಿಮೆಂಟು’ ಎಂಬ ಹೆಸರಿನಿಂದ ಇದಕ್ಕೆ ಹಕ್ಕುಪತ್ರ ಪಡೆದನು. ಇಂದು ಜಗತ್ತು ವರ್ಷಕ್ಕೆ ಸುಮಾರು 400 ಕೋಟಿ ಟನ್ ಸಿಮೆಂಟು ತಯಾರಿಸುತ್ತದೆ. ಚೀನಾದ ತರುವಾಯ ನಮ್ಮ ದೇಶವೇ ಅತಿ ಹೆಚ್ಚು ತಯಾರಿಸುವುದು. ಸುಣ್ಣದ ಕಲ್ಲು, ಜೇಡಿ ಇವುಗಳನ್ನು ಸೇರಿಸಿ ಸುಮಾರು 1450 ಡಿಗ್ರಿಗೆ ಕಾಯಿಸಿದರೆ ‘ಕ್ಲಿಂಕರ್’ ಎಂಬ ಕರಿಗುಂಡುಗಳಾಗುತ್ತವೆ. ಅವನ್ನು ಸ್ವಲ್ಪ ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟು. ಇಲ್ಲಿ ಎರಡು ಕಡೆಯಿಂದ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಒಂದು, ಉರಿಸಿದ ಕಲ್ಲಿದ್ದಲಿನಿಂದ. ಎರಡು, ಸುಣ್ಣದ ಕಲ್ಲಿನ ಒಡಲಿನಿಂದಲೇ. ಒಂದು ಟನ್ ಕ್ಲಿಂಕರಿಗೆ ಈ ಎರಡನೆಯ ಬಗೆಯದೇ ಅರ್ಧ ಟನ್ನಿಗಿಂತ ತುಸು ಹೆಚ್ಚು. ನಾಳೆ ಕಲ್ಲಿದ್ದಲನ್ನು ಬಿಟ್ಟು ಸೂರ್ಯನ ಶಾಖದಿಂದಲೇ ಗೂಡನ್ನು ಕಾಯಿಸಿದರೂ ಇದು ತಪ್ಪುವಂತಿಲ್ಲ. ಗಟ್ಟಿಯಾದ ಸಿಮೆಂಟು ಸುಣ್ಣದ ಗಾರೆಯಂತೆ ತಾನು ಬಿಟ್ಟುದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಕ್ಕೆ ಪಡೆಯುವುದೂ ಇಲ್ಲ. ಕೆಲವಂಶವನ್ನು ಮಾತ್ರ, ಅದೂ ಬಹು ನಿಧಾನವಾಗಿ ಪಡೆಯುತ್ತದೆ. ಮನುಷ್ಯನು ಗಾಳಿಗೆ ಬಿಡುವ ಈ ವಾಯುವಿನ ಒಟ್ಟಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೆಂದು ಹೇಳುವುದು ಈ ಕಾರಣದಿಂದಲೇ.

ಆದುದರಿಂದ ಕಟ್ಟಡದ ಕೆಲಸದಲ್ಲಿ ಕಸ ಎಂದರೇನೆಂಬುದನ್ನು ತೂಕದಿಂದ ಅಳೆಯುವುದು ಸಾಲದು. ಒಳಗೆ ಅಡಗಿರುವ ಬೆಂಕಿಯಿಂದ ಅಳೆಯಬೇಕು.

2022ರ ಆಗಸ್ಟ್ 28ರಂದು ದೆಹಲಿಯ ಬಳಿಯ ನೊಯ್ಡಾದಲ್ಲಿ ಸುಮಾರು 100 ಮೀಟರ್ ಎತ್ತರದ ಅವಳಿ ಗೋಪುರಗಳನ್ನು ನ್ಯಾಯಾಲಯದ ಆಜ್ಞೆಯಂತೆ ಸಿಡಿಮದ್ದಿನಿಂದ ಉರುಳಿಸಿದರು. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಕೆಲಸ ಮುಗಿಯಿತು. ಉಳಿದದ್ದು ಸುಮಾರು 80,000 ಟನ್ ಭಗ್ನಾವಶೇಷವೆಂದು ಅಂದಾಜು. ಜನ ಆ ಹತ್ತು ಸೆಕೆಂಡನ್ನು ನೋಡಿ ಚಪ್ಪಾಳೆ ತಟ್ಟಿದರು. ಆಮೇಲಿನ ತಿಂಗಳುಗಳ ಕಥೆಯೇ ನಮಗೆ ಮುಖ್ಯ: ಕಂಬಿಯನ್ನು ಬೇರೆ ಮಾಡಿ, ಗಡ್ಡೆಗಳನ್ನು ಒಡೆದು, ಒಂದು ಭಾಗವನ್ನು ಅಲ್ಲಿಯೇ ತುಂಬಿ, ಒಂದು ಭಾಗವನ್ನು ಜಲ್ಲಿ, ಪುಡಿ, ನೆಲಹಾಸು ಬಿಲ್ಲೆಗಳನ್ನಾಗಿ ಮಾಡುವ ಕೆಲಸ.

ಇಂತಹ ಕಾರ್ಖಾನೆ ದೆಹಲಿಯ ಬುರಾಡಿಯಲ್ಲಿ 2009ರಿಂದಲೂ ಉಂಟು. ಆದರೆ ಒಡೆದ ಕಾಂಕ್ರೀಟಿನ ಜಲ್ಲಿ ಹೊಸ ಕರಿಕಲ್ಲಿನ ಜಲ್ಲಿಗೆ ಸಮನಲ್ಲ. ಅದರ ಮೈಗೆ ಹಳೆಯ ಗಾರೆಯ ಪದರ ಅಂಟಿರುತ್ತದೆ; ಆ ಪದರ ಸ್ಪಂಜಿನಂತೆ ನೀರು ಕುಡಿಯುತ್ತದೆ. ಕರಿಕಲ್ಲು ತನ್ನ ತೂಕದ ನೂರಕ್ಕೆ ಒಂದು ಪಾಲು ನೀರನ್ನೂ ಹೀರುವುದಿಲ್ಲ. ಇದು ನಾಲ್ಕೈದು ಪಾಲು ಹೀರುವುದುಂಟು. ನೀರು ಹೆಚ್ಚಾದರೆ ಕಾಂಕ್ರೀಟು ಬಲ ಕಳೆದುಕೊಳ್ಳುತ್ತದೆ, ಆ ಬಲವನ್ನು ಮತ್ತೆ ತರಲು ಸಿಮೆಂಟು ಹೆಚ್ಚಿಸಬೇಕಾಗುತ್ತದೆ. ಒಂದು ಕೈಯಲ್ಲಿ ಉಳಿಸಿದ್ದು ಇನ್ನೊಂದು ಕೈಯಲ್ಲಿ ಹೋಯಿತು. ಹೀಗಾಗಿ 2016ರ ಭಾರತೀಯ ಮಾನಕವು ಇಂತಹ ಜಲ್ಲಿಯನ್ನು ಕಂಬಿಯಿರುವ ಸಾಧಾರಣ ಕಾಂಕ್ರೀಟಿನಲ್ಲಿ ನೂರಕ್ಕೆ 20, ಕಂಬಿಯಿಲ್ಲದುದರಲ್ಲಿ 25 ಪಾಲಿನವರೆಗೆ ಮಾತ್ರ ಒಪ್ಪುತ್ತದೆ. ಅಡಿಪಾಯದ ಕೆಳಗೆ ಹಾಸುವ ತೆಳು ಕಾಂಕ್ರೀಟಿಗಾದರೆ ಪೂರ್ತಿಯಾಗಿಯೂ ಬಳಸಬಹುದು. ಕೆಡವಿದ ಕಸವನ್ನು ಬೇರೆ ಬೇರೆಯಾಗಿ ವಿಂಗಡಿಸಬೇಕೆಂದು 2016ರಲ್ಲಿ ಸರಕಾರದ ನಿಯಮಗಳು ಬಂದವು. 2025ರಲ್ಲಿ ಅವುಗಳ ಸ್ಥಾನಕ್ಕೆ ಹೊಸ ನಿಯಮಗಳನ್ನು ಪ್ರಕಟಿಸಲಾಯಿತು. ನಿಯಮಗಳು ಒಳ್ಳೆಯವೇ. ಆದರೆ ಇಟ್ಟಿಗೆ, ಕಾಂಕ್ರೀಟು, ಪ್ಲಾಸ್ಟಿಕ್ಕು, ಮರ ಎಲ್ಲವೂ ಒಮ್ಮೆ ಕಲಸಿಹೋದ ಮೇಲೆ ಬೇರ್ಪಡಿಸುವುದು ಅಕ್ಕಿಯಲ್ಲಿ ಬೆರೆತ ಕಲ್ಲನ್ನು ಆರಿಸಿದಂತೆ. ಮೊದಲೇ ಬೆರೆಸದಿರುವುದು ಸುಲಭ.

ಒಡೆದ ಇಟ್ಟಿಗೆಗೆ ಮಾತ್ರ ಇನ್ನೊಂದು ಗೌರವದ ದಾರಿಯಿದೆ, ಅದು ನಮ್ಮ ನಾಡಿಗೆ ಹೊಸದೂ ಅಲ್ಲ. ಹದವಾಗಿ ಬೆಂದ ಇಟ್ಟಿಗೆಯನ್ನು ನುಣ್ಣಗೆ ಕುಟ್ಟಿದ ಪುಡಿಗೆ ಸುರ್ಕಿ ಎಂದು ಹೆಸರು. ಬರಿಯ ಸುಣ್ಣದ ಗಾರೆ ಗಾಳಿಯಿಲ್ಲದೆ ಗಟ್ಟಿಯಾಗದು, ನೀರಿನೊಳಗಂತೂ ಆಗದು. ಸುರ್ಕಿ ಸೇರಿಸಿದರೆ ಅದರಲ್ಲಿರುವ ಸಿಲಿಕ ಮತ್ತು ಅಲ್ಯೂಮಿನಗಳು ಸುಣ್ಣದೊಡನೆ ಕೂಡಿ, ಸಿಮೆಂಟಿನಲ್ಲಿ ಉಂಟಾಗುವಂತಹ ಅಂಟನ್ನೇ ಹುಟ್ಟಿಸುತ್ತವೆ. ಜೇಡಿಯ ರಚನೆ ಸುಡುವಾಗ ಕುಸಿಯುತ್ತದೆಂದು ಮೇಲೆ ಹೇಳಿದೆವಷ್ಟೆ; ಹಾಗೆ ಕುಸಿದು ನೆಲೆತಪ್ಪಿದ ಕಣವೇ ಸುಣ್ಣವನ್ನು ಕಂಡೊಡನೆ ಕೂಡಲು ಹಾತೊರೆಯುವುದು. ರೋಮನರು ಇದೇ ಕೆಲಸಕ್ಕೆ ಜ್ವಾಲಾಮುಖಿಯ ಬೂದಿಯನ್ನು ಬಳಸಿದರು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಹಾಕಲು ತೊಡಗಿದಾಗ ಮೈಸೂರು ಸೀಮೆಯಲ್ಲಿ ಸಿಮೆಂಟು ತಯಾರಾಗುತ್ತಿರಲಿಲ್ಲ. ಕಲ್ಲುಗಳನ್ನು ಬೆಸೆದುದು ಸುಣ್ಣ–ಸುರ್ಕಿಯ ಗಾರೆ. ನೂರು ವರ್ಷ ಕಳೆದರೂ ಕೃಷ್ಣರಾಜಸಾಗರದ ನೀರನ್ನು ಅದೇ ತಡೆದು ನಿಲ್ಲಿಸಿದೆ.

ಈಗಿನ ವಿಜ್ಞಾನಿಗಳು ಬೇರೊಂದು ದಾರಿಯಿಂದ ಬಂದು ಸುರ್ಕಿಯ ನೆರೆಮನೆಯನ್ನೇ ಸೇರಿರುವುದನ್ನು ನೋಡಿದರೆ ನಮಗೆ ಸಂತೋಷವಾಗುತ್ತದೆ. ಸ್ವಿಟ್ಜರ್ಲೆಂಡಿನ ಲೋಸಾನ್, ಕ್ಯೂಬಾ, ಮತ್ತು ನಮ್ಮ ದೆಹಲಿ, ಮದರಾಸುಗಳ ತಾಂತ್ರಿಕ ಸಂಸ್ಥೆಗಳ ಸಂಶೋಧಕರು ಕೂಡಿ ರೂಪಿಸಿದ ಸಿಮೆಂಟೊಂದರಲ್ಲಿ ಕ್ಲಿಂಕರ್ ಅರ್ಧ ಮಾತ್ರ. ಮಿಕ್ಕುದರಲ್ಲಿ ಸುಮಾರು 30 ಪಾಲು 700–800 ಡಿಗ್ರಿಗೆ ಸುಟ್ಟ ಜೇಡಿ, 15 ಪಾಲು ಸುಡದ ಸುಣ್ಣದ ಕಲ್ಲಿನ ಪುಡಿ, 5 ಪಾಲು ಜಿಪ್ಸಂ. ಜೇಡಿ ಸುಟ್ಟಾಗ ಹೊರಬರುವುದು ನೀರಿನ ಆವಿ. ಆದ್ದರಿಂದ ಹಾನಿಯ ವಾಯು ಮೂರನೆಯ ಒಂದು ಪಾಲಿನಷ್ಟು ತಗ್ಗುತ್ತದೆ. 2023ರಲ್ಲಿ ಇದಕ್ಕೆ ಭಾರತೀಯ ಮಾನಕವೂ ಹೊರಟಿತು.

ಇಷ್ಟೆಲ್ಲ ಕೆಡವಿದ ಮೇಲಿನ ಮತ್ತು ಕಾರ್ಖಾನೆಯ ಮಾತಾಯಿತು. ನಷ್ಟದ ದೊಡ್ಡ ಪಾಲು ಹುಟ್ಟುವುದು ನಕ್ಷೆ ಬರೆಯುವ ಮೇಜಿನ ಮೇಲೆ. ಕಂಬಿ ಸಾಮಾನ್ಯವಾಗಿ 12 ಮೀಟರ್ ಉದ್ದದಲ್ಲಿ ಬರುತ್ತದೆ. 4 ಮೀಟರಿನ ತುಂಡು ಬೇಕಾದರೆ ಮೂರು ಸರಿಯಾಗಿ ದೊರೆಯುತ್ತವೆ; 5 ಮೀಟರಿನದು ಬೇಕಾದರೆ ಎರಡು ದೊರೆತು 2 ಮೀಟರ್ ಉಳಿಯುತ್ತದೆ, ಎಂದರೆ ಆರನೆಯ ಒಂದು ಪಾಲು. ಎಲ್ಲ ಅಳತೆಯ ತುಂಡುಗಳನ್ನೂ ಮೊದಲೇ ಪಟ್ಟಿಮಾಡಿ ಒಂದಕ್ಕೊಂದು ಹೊಂದಿಸಿ ಕತ್ತರಿಸಿದರೆ ಉಳಿಕೆ ಎಷ್ಟೋ ಕಡಿಮೆಯಾಗುತ್ತದೆ. ದರ್ಜಿಗೆ ಗೊತ್ತಿರುವ ಈ ಉಪಾಯವನ್ನು ಎಂಜಿನಿಯರಿಗೆ ಕಲಿಸಬೇಕಾಗಿ ಬಂದಿರುವುದು ವಿಚಿತ್ರ.

ತಾರಸಿಯ ಮಾತೂ ಹಾಗೆಯೇ. ಭಾರ ಹೊತ್ತ ತಾರಸಿ ಕೆಳಕ್ಕೆ ಬಾಗಿದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗಲೆಳೆಯುತ್ತದೆ. ಕಾಂಕ್ರೀಟು ಒತ್ತಡಕ್ಕೆ ಶೂರ, ಎಳೆತಕ್ಕೆ ಅಶಕ್ತ. ಒತ್ತಡ ತಾಳುವ ಬಲದ ಹತ್ತನೆಯ ಒಂದು ಪಾಲೂ ಎಳೆತದಲ್ಲಿ ಅದಕ್ಕಿಲ್ಲವೆನ್ನಬಹುದು. ಕೆಳಭಾಗದ ಎಳೆತವನ್ನು ಹೊರುವುದು ಕಂಬಿ. ಹಾಗಾದರೆ ಕಂಬಿಗಳ ನಡುವೆ ತುಂಬಿದ ಕಾಂಕ್ರೀಟು ಮಾಡುವ ಕೆಲಸವೇನು? ಬಹುಪಾಲು ತನ್ನ ತೂಕವನ್ನು ತಾನೇ ಹೊರಿಸುವುದು. ಆದ್ದರಿಂದ ಆ ಸ್ಥಳದಲ್ಲಿ ಮಂಗಳೂರು ಹೆಂಚುಗಳನ್ನಿಟ್ಟು, ಕಂಬಿಯ ಸುತ್ತ ಮಾತ್ರ ಕಾಂಕ್ರೀಟು ಹಾಕಿದರೂ ತಾರಸಿಗೆ ಬಾಧಕವಿಲ್ಲ. ಮಾರಾಟಕ್ಕೆ ಬಾರದ ಹೆಂಚು, ಹಳೆಯ ಮನೆಯಿಂದ ಇಳಿಸಿದ ಹೆಂಚು, ಎಲ್ಲವೂ ನಡೆಯುತ್ತವೆ. ಕೇರಳದಲ್ಲಿ ನೆಲಸಿದ್ದ ಲಾರಿ ಬೇಕರ್ (1917–2007) ಇಂತಹ ತಾರಸಿಗಳನ್ನು ಅನೇಕ ಮನೆಗಳಿಗೆ ಹಾಕಿ ಬಳಕೆಗೆ ತಂದರು. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ಒಳಗೆ ಪೊಳ್ಳು ಬಿಡುವ ಗೋಡೆಯನ್ನೂ ಅವರು ಪ್ರಚಾರ ಮಾಡಿದರು. ಅದರಿಂದ ನಾಲ್ಕನೆಯ ಒಂದು ಪಾಲು ಇಟ್ಟಿಗೆ ಉಳಿಯುತ್ತದೆ, ಮನೆಯೂ ತಂಪು.

ಕೊನೆಯದಾಗಿ, ಸುಡುವುದನ್ನೇ ಬಿಟ್ಟರೆ ಹೇಗೆ? ಹಸಿ ಮಣ್ಣಿನ ಗೋಡೆ ನಮಗೆ ಹೊಸದಲ್ಲ, ಅದರ ದೋಷವೂ ಹೊಸದಲ್ಲ: ಮಳೆ. ಜೇಡಿಯ ಕಣಗಳು ಹಾಳೆಯಂತೆ ತೆಳುವಾಗಿದ್ದು ನಡುವೆ ನೀರು ಸೇರಿದೊಡನೆ ಜಾರುತ್ತವೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಪ್ರಾರಂಭವಾಯಿತು. ಇಂದು ಅದು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೆಂಬ ಹೆಸರಿನಲ್ಲಿದೆ. ಜಗದೀಶರೂ ಅವರ ಸಂಗಡಿಗರೂ ಅಲ್ಲಿ ಈ ದೋಷವನ್ನೇ ಹಿಡಿದು ಕೆಲಸ ಮಾಡಿದರು. ಮರಳು ಹೆಚ್ಚಾಗಿರುವ ಮಣ್ಣಿಗೆ ನೂರಕ್ಕೆ 6ರಿಂದ 8 ಪಾಲು ಸಿಮೆಂಟು ಬೆರೆಸಿ, ಕೈಯಲ್ಲಿ ಉಂಡೆ ಕಟ್ಟುವಷ್ಟು ಮಾತ್ರ ತೇವ ಮಾಡಿ, ಕೈಯಂತ್ರದಲ್ಲಿ ಬಲವಾಗಿ ಒತ್ತಿ, ಹುಲ್ಲು ಹೊದಿಸಿ ಮೂರು ನಾಲ್ಕು ವಾರ ನೀರುಣಿಸಿದರೆ ಗಟ್ಟಿಯಾದ ಅಚ್ಚುಗಳಾಗುತ್ತವೆ. ಗೂಡೂ ಇಲ್ಲ, ಸೌದೆಯೂ ಇಲ್ಲ. ಎರಡೂವರೆ ಇಟ್ಟಿಗೆಯ ಸ್ಥಳವನ್ನು ತುಂಬುವ ಒಂದು ಅಚ್ಚಿಗೆ 2.6 ಮೆಗಾಜೂಲ್ ಸಾಕು. ಅಷ್ಟು ಇಟ್ಟಿಗೆಗೆ ಹತ್ತಕ್ಕೂ ಹೆಚ್ಚು. ಮೇಲೆ ಹೇಳಿದ ಲೆಕ್ಕದಲ್ಲಿ, ಕಾಂಕ್ರೀಟು ಚೌಕಟ್ಟಿನ ಬಹುಮಹಡಿ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೂಲ್, ಇಟ್ಟಿಗೆ ಗೋಡೆಯ ಸಾಧಾರಣ ಕಟ್ಟಡಕ್ಕೆ 2.92, ಈ ಅಚ್ಚಿನ ಗೋಡೆಯೂ ಹೆಂಚು ತುಂಬಿದ ತಾರಸಿಯೂ ಉಳ್ಳ ಎರಡು ಮಹಡಿಯ ಕಟ್ಟಡಕ್ಕೆ 1.61.

ಅಡಿಪಾಯಕ್ಕಾಗಿ ತೋಡಿದ ಮಣ್ಣನ್ನು ಲಾರಿಗೆ ತುಂಬಿ ಹೊರಗೆ ಚೆಲ್ಲಿ, ಅದೇ ನಿವೇಶನಕ್ಕೆ ಇನ್ನೊಂದು ಲಾರಿಯಲ್ಲಿ ಇಟ್ಟಿಗೆ ತರಿಸುವುದು ನಮ್ಮ ರೂಢಿ. ಆ ಮಣ್ಣು ಗೋಡೆಗೆ ಆದೀತೇ ಎಂಬುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಹುಲ್ಲುಬೇರು ಇರುವ ಮೇಲ್ಮಣ್ಣನ್ನು ಬಿಟ್ಟು ಎರಡು ಮೂರು ಅಡಿ ಆಳದ ಮಣ್ಣನ್ನು ತೆಗೆದುಕೊಳ್ಳಿ. ನೇರ ಮೈಯ ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಪಾಲು ಅದನ್ನು ಹಾಕಿ, ನೀರು ತುಂಬಿ, ಒಂದು ಚಿಟಿಕೆ ಉಪ್ಪು ಬೆರೆಸಿ, ಚೆನ್ನಾಗಿ ಕುಲುಕಿ ಮೇಜಿನ ಮೇಲಿಡಿ. ಮೊದಲ ನಿಮಿಷದಲ್ಲಿಯೇ ತಳಕ್ಕೆ ಕೂಡುವುದು ಮರಳು; ಅಲ್ಲಿಗೆ ಒಂದು ಗೆರೆ ಎಳೆಯಿರಿ. ಮುಂದಿನ ಅರ್ಧ ಮುಕ್ಕಾಲು ಗಂಟೆಯಲ್ಲಿ ಕೂಡುವುದು ಹೂಳು, ಇನ್ನೊಂದು ಗೆರೆ. ಮರುದಿನ ನೋಡಿದರೆ ಎಲ್ಲಕ್ಕೂ ಮೇಲೆ ಕೂತಿರುವುದು ಜೇಡಿ. ಒಟ್ಟಿನಲ್ಲಿ ಮರಳು ಮೂರನೆಯ ಎರಡು ಪಾಲಿನಷ್ಟಿದ್ದು, ಜೇಡಿ ಏಳನೆಯ ಒಂದು ಪಾಲನ್ನು ಮೀರದಿದ್ದರೆ ಮಣ್ಣು ಒಳ್ಳೆಯದೆಂದು ತಿಳಿಯಬಹುದು. ನಮ್ಮ ಕೆಮ್ಮಣ್ಣಿನಲ್ಲಿ ಸಾಮಾನ್ಯವಾಗಿ ಜೇಡಿ ಇದಕ್ಕಿಂತ ಹೆಚ್ಚಿರುತ್ತದೆ. ಆಗ ಮರಳನ್ನೋ ಕಲ್ಲುಪುಡಿಯನ್ನೋ ಬೆರೆಸಿ ಹದಕ್ಕೆ ತರಬೇಕು. ಉತ್ತರದ ಜಿಲ್ಲೆಗಳ ಎರೆಮಣ್ಣನ್ನು ಹಾಕಿದ ಸೀಸೆಯಲ್ಲಿ ಮರಳಿನ ಪದರ ಬಹು ತೆಳುವಾಗಿದ್ದು ಮೇಲೆ ಬಹುಪಾಲು ಜೇಡಿಯೇ ಕಾಣುತ್ತದೆ. ಆ ಜೇಡಿ ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವ ಜಾತಿಯದು; ಅದಕ್ಕೆ ಸಿಮೆಂಟೊಂದೇ ಸಾಲದು, ಮರಳಿನ ಜೊತೆಗೆ ಸುಣ್ಣವನ್ನೂ ಸೇರಿಸಿ ಪಳಗಿಸಬೇಕಾಗುತ್ತದೆ.